ಕೈಹಿಡಿದು ನಡೆಸುವವರು ಯಾರು?

ದಕ್ಷಿಣ ಅಮೆರಿಕದ ಆಗ್ನೇಯ ಭಾಗದಲ್ಲಿ, ಲಾ ಪ್ಲಾಟ ನದಿಯ ದಡದಲ್ಲಿ ಬ್ಯೂನಸ್ ಐರೀಸ್ ನಗರವಿದೆ. ನದಿಯೆಂದು ಕರೆಯುವುದು ವಾಡಿಕೆಯಾದರೂ ಈ ದಡದಲ್ಲಿ ನಿಂತವನಿಗೆ ಆ ದಡ ಕಾಣಿಸದು. ಮಣ್ಣಿನ ಬಣ್ಣದ ನೀರು ದಿಗಂತದವರೆಗೂ ಹರಡಿಕೊಂಡಿರುತ್ತದೆ. ಆಚೆಯ ದಡದಲ್ಲಿ ಉರುಗ್ವೆ ದೇಶದ ರಾಜಧಾನಿಯಾದ ಮಾಂಟೆವಿಡಿಯೊ. ಈ ಎರಡು ಬಂದರು ನಗರಗಳ ಬಡ ಕೇರಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಟ್ಯಾಂಗೊ ಎಂಬ ಜೋಡಿ ನೃತ್ಯವು ಹುಟ್ಟಿತು. ಒಂದು ಕಾಲಕ್ಕೆ ಮರ್ಯಾದಸ್ಥರ ಮನೆಗಳಲ್ಲಿ ಹೆಸರೆತ್ತಲೂ ಹಿಂಜರಿಯುತ್ತಿದ್ದ ಈ ಕುಣಿತವನ್ನು 2009ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿ ಸೇರಿಸಿಕೊಂಡಿತು.

ಪ್ರವಾಸಿಗಳು ಮೊದಲು ಕಾಣುವುದು ರಂಗಸ್ಥಳದ ಟ್ಯಾಂಗೊವನ್ನು. ಲಾ ಬೋಕಾ ಬಂದರುಕೇರಿಯ ಬಣ್ಣಬಣ್ಣದ ತಗಡಿನ ಮನೆಗಳ ಮುಂದೆ ಟೋಪಿ ಧರಿಸಿದ ಗಂಡು, ಕೆಂಪು ಉಡುಪಿನ ಹೆಣ್ಣು, ಕಣ್ಣು ಕೋರೈಸುವ ಕಾಲ್ಚಳಕ. ಊರಿನ ಜನರ ನಿಜವಾದ ಟ್ಯಾಂಗೊ ಇರುವುದು ಮಿಲೋಂಗ ಎಂದು ಕರೆಯಲ್ಪಡುವ ನೃತ್ಯಕೂಟಗಳಲ್ಲಿ. ಪಲೆರ್ಮೊ ಬಡಾವಣೆಯ ಸಲೋನ್ ಕ್ಯಾನಿಂಗ್‌ನಂತಹ ಸಭಾಂಗಣಗಳಲ್ಲಿ, ವಿಯಾ ಉರ್ಕೀಸ ಬಡಾವಣೆಯ ಸಂಡರ್‌ಲೆಂಡ್ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಇಂತಹ ಕೂಟಗಳು ಹೆಸರಾಗಿವೆ. ರಾತ್ರಿ ಹತ್ತು ಹನ್ನೊಂದಕ್ಕೆ ಜನ ಸೇರತೊಡಗಿದರೆ ಚದರುವಾಗ ಬೆಳಗಿನ ಜಾವವಾಗುವುದೂ ಉಂಟು. ಅಲ್ಲಿ ಇಪ್ಪತ್ತರ ತರುಣಿಯ ಪಕ್ಕದಲ್ಲಿಯೇ ಎಪ್ಪತ್ತರ ವೃದ್ಧನೂ ಕುಣಿಯುತ್ತಾನೆ.

ಕಣ್ಸನ್ನೆಯ ಕಟ್ಟಳೆ

ಮಿಲೋಂಗಕ್ಕೆ ತನ್ನದೇ ಆದ ಶಿಷ್ಟಾಚಾರವಿದೆ. ಹಳೆಯ ಪದ್ಧತಿಯ ಕೂಟಗಳಲ್ಲಿ ಹೆಂಗಸರು ಒಂದು ಬದಿ, ಗಂಡಸರು ಇನ್ನೊಂದು ಬದಿ ಕುಳಿತಿರುತ್ತಾರೆ. ಗಂಡಸು ತನಗೆ ಬೇಕಾದವಳತ್ತ ದೂರದಿಂದಲೇ ನೋಟ ಬೀರುತ್ತಾನೆ. ಅವಳೂ ದೃಷ್ಟಿ ಕೂಡಿಸಿದರೆ ಆತ ತುಸುವೇ ತಲೆಯಾಡಿಸುತ್ತಾನೆ. ಆಕೆ ಒಪ್ಪಿ ತಲೆಯಾಡಿಸಿದರೆ ಕರೆ ಮುಗಿದಂತೆ. ಇದಕ್ಕೆ ಕಬೆಸೇಯೊ ಎಂದು ಹೆಸರು. ಮೂರು ನಾಲ್ಕು ಹಾಡುಗಳ ಒಂದು ಕಂತನ್ನು ಜೊತೆಯಾಗಿ ಕುಣಿಯಬೇಕು. ಕಂತಿನ ನಡುವೆ ‘ವಂದನೆಗಳು’ ಎಂದರೆ ‘ಇನ್ನು ಸಾಕು’ ಎಂದೇ ಅರ್ಥ. ಜೋಡಿಗಳೆಲ್ಲ ಅಂಗಳವನ್ನು ಅಪ್ರದಕ್ಷಿಣವಾಗಿ ಸುತ್ತುತ್ತವೆ. ಬಾಂದೋನಿಯೋನ್ ಎಂಬ ತಿದಿಯ ವಾದ್ಯವು ನಿಟ್ಟುಸಿರಿಟ್ಟಂತೆ ನುಡಿಯುತ್ತಿರಲು ಗಂಡಸು ಮುಂದುಮುಂದಕ್ಕೆ ನಡೆದರೆ ಹೆಂಗಸು ಅವನ ಎದೆಯ ಚಲನೆಯನ್ನು ಅರಿತು, ಅನೇಕ ವೇಳೆ ಕಣ್ಣು ಮುಚ್ಚಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾಳೆ. ಕುಣಿತಕ್ಕೆ ಮೊದಲೇ ಕಟ್ಟಿದ ಹೆಜ್ಜೆಗಳಿಲ್ಲ. ಪ್ರತಿಯೊಂದು ಹೆಜ್ಜೆಯೂ ಆ ಕ್ಷಣದ ಸೃಷ್ಟಿ. ಅದನ್ನು ನಿರ್ಧರಿಸುವವನು ಮಾತ್ರ ಗಂಡಸು.

ನೋಡುವವರಿಗೆ ಇದು ಸೊಗಸು. ಸಭೆಯಲ್ಲಿ ಯಾರಿಗೂ ಮುಖಭಂಗವಾಗದಂತೆ ‘ಬೇಡ’ ಎನ್ನುವ ಉಪಾಯವೂ ಈ ಕಣ್ಸನ್ನೆಯಲ್ಲಿದೆ. ಆದರೆ ಇದರ ಇನ್ನೊಂದು ಮುಖವನ್ನು ಅಲ್ಲಿಯ ಆಡುಮಾತೇ ಹೇಳುತ್ತದೆ. ಯಾರೂ ಕರೆಯದೆ ರಾತ್ರಿಯೆಲ್ಲ ಕುರ್ಚಿಯಲ್ಲೇ ಉಳಿದ ಹೆಂಗಸನ್ನು ಕುರಿತು ‘ಇಸ್ತ್ರಿ ಮಾಡುತ್ತಿದ್ದಾಳೆ’ ಎನ್ನುವರು. ಹಣ ಕೊಟ್ಟು, ವರ್ಷಗಟ್ಟಲೆ ಕಲಿತು, ಉಟ್ಟು ತೊಟ್ಟು ಬಂದವಳು ವಯಸ್ಸಾದಳೆಂದೋ, ಹೊಸಬಳೆಂದೋ ‘ಇಸ್ತ್ರಿ ಮಾಡಿ’ ಮನೆಗೆ ಮರಳಬೇಕು. ಕಲೆ ಅವಳ ಕಾಲಿನಲ್ಲಿದ್ದರೂ ಅದನ್ನು ತೋರಿಸುವ ಅಪ್ಪಣೆ ಇನ್ನೊಬ್ಬರ ನೋಟದಲ್ಲಿದೆ. ಇದನ್ನು ಪ್ರಶ್ನಿಸಿದರೆ ‘ಟ್ಯಾಂಗೊ ಎಂದರೆ ಹಾಗೆಯೇ, ಗಂಡು ನಡೆಸಬೇಕು, ಹೆಣ್ಣು ನಡೆಯಬೇಕು, ಹಿಂದಿನಿಂದ ಬಂದದ್ದು’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಹಿಂದಿನಿಂದ ಬಂದದ್ದು ನಿಜವಾಗಿ ಏನು?

ಗಂಡಸರ ಗರಡಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿ, ಸ್ಪೇನ್ ಮೊದಲಾದ ದೇಶಗಳಿಂದ ಕೂಲಿ ಅರಸಿ ಜನ ಹಡಗು ಹಡಗಾಗಿ ಬಂದು ಈ ಬಂದರಿನಲ್ಲಿಳಿದರು. 1914ರ ಜನಗಣತಿಯ ವೇಳೆಗೆ ನಗರದ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಪರದೇಶಗಳಲ್ಲಿ ಹುಟ್ಟಿದವರು. ಹಾಗೆ ಬಂದವರಲ್ಲಿ ಒಂಟಿ ಗಂಡಸರೇ ಹೆಚ್ಚು. ಆಫ್ರಿಕ ಮೂಲದವರ ತಾಳವೂ ಯುರೋಪಿನವರ ರಾಗವೂ ಬೆರೆತ ಈ ಕುಣಿತವನ್ನು ಅವರು ಬೀದಿಯ ಮೂಲೆಯಲ್ಲಿ, ವಠಾರದ ಅಂಗಳದಲ್ಲಿ ಪರಸ್ಪರ ಕೈಹಿಡಿದೇ ಅಭ್ಯಾಸ ಮಾಡಿದರು. ‘ಕಾರಾಸ್ ಇ ಕಾರೇತಾಸ್’ ಎಂಬ ಅಲ್ಲಿಯ ಸಚಿತ್ರ ವಾರಪತ್ರಿಕೆಯು 1903ರಲ್ಲಿ ಟ್ಯಾಂಗೊವಿನ ಭಂಗಿಗಳನ್ನು ಅಚ್ಚು ಹಾಕಿದಾಗ ಆ ಚಿತ್ರಗಳಲ್ಲಿ ಜೋಡಿಯಾಗಿ ನಿಂತವರಿಬ್ಬರೂ ಗಂಡಸರೇ ಆಗಿದ್ದರು!

1935ರಿಂದ 1955ರವರೆಗಿನ ಅವಧಿಯನ್ನು ಟ್ಯಾಂಗೊವಿನ ಸುವರ್ಣಯುಗವೆನ್ನುತ್ತಾರೆ. ಆ ಕಾಲದಲ್ಲಿಯೂ ಹುಡುಗರ ಕಲಿಕೆ ನಡೆಯುತ್ತಿದ್ದುದು ‘ಪ್ರಾಕ್ತಿಕ’ ಎಂಬ ಗಂಡಸರ ಗರಡಿಯಲ್ಲಿ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ಪಾಠ ಜೋಡಿಯನ್ನು ನಡೆಸುವುದಲ್ಲ, ಅನುಸರಿಸುವುದು. ತಿಂಗಳುಗಟ್ಟಲೆ ಆತ ಹಿರಿಯರ ತೋಳಿನಲ್ಲಿ ಹೆಣ್ಣಿನ ಹೆಜ್ಜೆಗಳನ್ನೇ ಹಾಕಬೇಕು. ಸಂಗಾತಿಯ ಭಾರ ಯಾವ ಕಾಲಿನ ಮೇಲಿದೆ, ತಿರುವಿನಲ್ಲಿ ಅವಳಿಗೆ ಎಷ್ಟು ಎಡೆ ಬೇಕು, ಒರಟಾಗಿ ಎಳೆದರೆ ಬೆನ್ನಿಗೆ ಹೇಗೆ ನೋಯುತ್ತದೆ ಎಂಬುದನ್ನು ಸ್ವಂತ ಮೈಯಿಂದ ಅರಿತ ಮೇಲೆಯೇ ಅವನಿಗೆ ನಡೆಸುವ ಪಾಠ. ಆ ಕಾಲದ ನರ್ತಕರು ಮುಪ್ಪಿನಲ್ಲಿ ಇದನ್ನು ಹೆಮ್ಮೆಯಿಂದ ನೆನೆದಿದ್ದಾರೆ.

ಆದರೆ ಇದನ್ನು ಸಮಾನತೆಯೆಂದು ಕರೆದರೆ ತಪ್ಪಾದೀತು. ಆ ಗರಡಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಹುಡುಗಿಯರು ಮನೆಯಲ್ಲಿಯೇ ತಾಯಿ, ಅತ್ತೆ, ಅಣ್ಣಂದಿರೊಡನೆ ಹೆಜ್ಜೆ ಕಲಿತು, ಕ್ಲಬ್ಬಿನ ನೃತ್ಯಕ್ಕೆ ತಾಯಿಯ ಕಾವಲಿನಲ್ಲಿ ಬರುತ್ತಿದ್ದರು. ಗಂಡಸರು ಅನುಸರಿಸುವುದನ್ನು ಕಲಿತದ್ದೂ ಕೊನೆಗೆ ಚೆನ್ನಾಗಿ ನಡೆಸುವುದಕ್ಕಾಗಿಯೇ. ಆದರೂ ಒಂದು ಸಂಗತಿ ಇದರಿಂದ ಸ್ಪಷ್ಟವಾಗುತ್ತದೆ: ನಡೆಸುವುದು, ಅನುಸರಿಸುವುದು ಎರಡೂ ಕಲಿತು ಬರುವ ವಿದ್ಯೆಗಳು, ಹುಟ್ಟಿನಿಂದ ಬರುವ ಗುಣಗಳಲ್ಲ.

1955ರ ಸೈನಿಕ ಕ್ರಾಂತಿಯ ಬಳಿಕ ನೃತ್ಯಕೂಟಗಳು ಬಡವಾದವು, ಹೊಸ ತಲೆಮಾರು ಬೇರೆ ಸಂಗೀತದ ಕಡೆಗೆ ಒಲಿಯಿತು, ಗರಡಿಗಳು ಮುಚ್ಚಿದವು. 1983ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ‘ಟ್ಯಾಂಗೊ ಅರ್ಜೆಂಟೀನೊ’ ಪ್ರದರ್ಶನದಿಂದ ಲೋಕವು ಮತ್ತೆ ಟ್ಯಾಂಗೊವಿನತ್ತ ತಿರುಗಿತು. ಅದೇ ವರ್ಷ ಅರ್ಜೆಂಟೀನದಲ್ಲಿ ಸೈನಿಕ ಸರ್ವಾಧಿಕಾರವೂ ಅಂತ್ಯಗೊಂಡಿತು. ಕಲಿಯಲು ಬಂದವರಿಗಾಗಿ ತರಗತಿಗಳು ತೆರೆದವು. ಅಲ್ಲಿ ಮೊದಲ ದಿನದಿಂದಲೇ ಗಂಡಸರಿಗೆ ನಡೆಸುವ ಪಾಠ, ಹೆಂಗಸರಿಗೆ ಅನುಸರಿಸುವ ಪಾಠ. ಗಂಡಸು ತಾನೂ ಒಮ್ಮೆ ಅನುಸರಿಸಿ ನೋಡುವ ಹಳೆಯ ಕ್ರಮ ಮರೆತುಹೋಯಿತು. ಪುರಾತನವೆಂದು ತೋರುವ ಈ ಕಟ್ಟುನಿಟ್ಟಾದ ವಿಭಾಗವು, ಕಲಿಕೆಯ ಮಟ್ಟಿಗೆ, ಈಚಿನದೇ.

ಹೊಸ ಅಂಗಳಗಳು

ಇದನ್ನು ಮುರಿಯುವ ಪ್ರಯತ್ನ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮೊದಲಾಯಿತು. ಗಂಡು ಗಂಡಿನೊಡನೆ, ಹೆಣ್ಣು ಹೆಣ್ಣಿನೊಡನೆ, ಯಾರು ಯಾರೊಡನೆ ಬೇಕಾದರೂ ಕುಣಿಯಬಹುದಾದ ‘ಕ್ವಿಯರ್ ಟ್ಯಾಂಗೊ’ ಉತ್ಸವವೊಂದು 2001ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ನಡೆಯಿತು. ಬ್ಯೂನಸ್ ಐರೀಸಿನಲ್ಲಿ ಲೇಖಕಿ ಮರಿಯಾನ ದೊಕಾಂಪೊ ಅವರು 2005ರಲ್ಲಿ ಸಾನ್ ತೆಲ್ಮೊ ಬಡಾವಣೆಯಲ್ಲಿ ಇಂತಹದೇ ಮಿಲೋಂಗವನ್ನು ತೊಡಗಿಸಿದರು. 2007ರಲ್ಲಿ ಅಲ್ಲಿಯೂ ಅಂತರರಾಷ್ಟ್ರೀಯ ಉತ್ಸವ ನೆರವೇರಿತು. ಈ ಅಂಗಳಗಳಲ್ಲಿ ಹೆಂಗಸರ ಬದಿ, ಗಂಡಸರ ಬದಿ ಎಂಬುದಿಲ್ಲ. ಕುಣಿಯುವ ಮೊದಲು ‘ನಡೆಸುವಿರೋ, ಅನುಸರಿಸುವಿರೋ?’ ಎಂದು ಕೇಳಿಕೊಳ್ಳುತ್ತಾರೆ. ಒಂದೇ ಹಾಡಿನ ನಡುವೆ ಅಪ್ಪುಗೆ ಕಳಚದೆ ಕೈಗಳ ಸ್ಥಾನವನ್ನು ಬದಲಿಸಿಕೊಂಡು ನಡೆಸುತ್ತಿದ್ದವರು ಅನುಸರಿಸುವುದೂ ಉಂಟು. ಸಲಿಂಗ ಪ್ರೇಮಿಗಳಿಗಾಗಿ ತೆರೆದ ಬಾಗಿಲು, ಇಸ್ತ್ರಿ ಮಾಡಿ ಬೇಸತ್ತ ಗೃಹಿಣಿಯರಿಗೂ ಅನುಸರಿಸುವ ಸುಖವನ್ನು ಅರಿಯಬಯಸಿದ ಗಂಡಸರಿಗೂ ತೆರೆಯಿತು.

ನಾಡಿನ ಕಾನೂನೂ ಬದಲಾಯಿತು. 2010ರಲ್ಲಿ ಸಲಿಂಗ ವಿವಾಹವನ್ನು ಮಾನ್ಯಮಾಡಿ, ಲ್ಯಾಟಿನ್ ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಷ್ಟ್ರವೆಂದು ಅರ್ಜೆಂಟೀನ ಹೆಸರಾಯಿತು. ನಗರದಲ್ಲಿ ವರ್ಷವರ್ಷವೂ ನಡೆಯುವ ವಿಶ್ವ ಟ್ಯಾಂಗೊ ಸ್ಪರ್ಧೆಯು 2013ರಲ್ಲಿ ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಜೋಡಿಗಳಿಗೂ ಮುಕ್ತವಾಯಿತು. ಸ್ತ್ರೀಯರ ಮೇಲಣ ಹಿಂಸೆಯ ವಿರುದ್ಧ 2015ರಲ್ಲಿ ಎದ್ದ ಜನಾಂದೋಲನದ ಅಲೆ ಮಿಲೋಂಗಗಳನ್ನೂ ಮುಟ್ಟಿತು. ಬೇಡವೆಂದರೂ ಬಿಡದವನನ್ನು, ಅಪ್ಪುಗೆಯ ನೆಪದಲ್ಲಿ ಮೇರೆ ಮೀರಿದವನನ್ನು ಶಿಷ್ಟಾಚಾರದ ಹೆಸರಿನಲ್ಲಿ ಸಹಿಸಬಾರದೆಂದು ನರ್ತಕಿಯರು ಸಂಘಟಿತರಾಗಿ ಹೇಳತೊಡಗಿದರು.

ಇದೆಲ್ಲವನ್ನೂ ಒಪ್ಪದವರೂ ಇದ್ದಾರೆ. ಅವರ ಅಳಲಿನಲ್ಲಿ ಸುಳ್ಳಿಲ್ಲ. ಕೋಣೆಯ ಆ ಬದಿಯಿಂದ ಒಂದು ನೋಟ ಬಂದು ಮುಟ್ಟುವ ಕ್ಷಣದ ರೋಮಾಂಚನವನ್ನು ‘ನಡೆಸುವಿರೋ, ಅನುಸರಿಸುವಿರೋ?’ ಎಂಬ ಪ್ರಶ್ನೆ ಕೊಡಲಾರದು. ಐವತ್ತು ವರ್ಷ ಒಂದೇ ರೀತಿಯಲ್ಲಿ ಕುಣಿದ ವೃದ್ಧ ದಂಪತಿಗಳಿಗೆ ಅದೇ ಬದುಕಿನ ಸವಿಯಾಗಿದ್ದೀತು. ಅವರ ಅಂಗಳವನ್ನು ಯಾರೂ ಕಿತ್ತುಕೊಂಡಿಲ್ಲ. ಹಳೆಯ ಪದ್ಧತಿಯ ಕೂಟಗಳು ಈಗಲೂ ನಡೆಯುತ್ತಿವೆ. ಕೆಲವೆಡೆ ಅವುಗಳ ಒಂದು ಮೂಲೆಯಲ್ಲಿ ಇಬ್ಬರು ಗೆಳತಿಯರು ಜೋಡಿಯಾಗಿ ಸುತ್ತುವುದನ್ನೂ ಕಾಣಬಹುದು.

ಹಳಬರೂ ಹೊಸಬರೂ ಒಪ್ಪುವ ಮಾತೊಂದಿದೆ: ತಾನು ಅನುಸರಿಸಿ ಬಲ್ಲವನೇ ಚೆನ್ನಾಗಿ ನಡೆಸಬಲ್ಲ. ಅಂದಿನ ಗರಡಿಯಲ್ಲಿ ಹುಡುಗರಷ್ಟೇ ಕಲಿತಿದ್ದ ಆ ಪಾಠಕ್ಕೆ ಇಂದು ಹೆಂಗಸರೂ ಪಾಲುದಾರರಾಗಿದ್ದಾರೆ. ಹಿಂದುಹಿಂದಕ್ಕೆ ನಡೆಯುತ್ತಿದ್ದವಳು ಬೇಕೆಂದಾಗ ಮುಖವೆತ್ತಿ ಮುಂದಕ್ಕೂ ನಡೆಯಬಹುದು. ಹಾಡು ಹಳೆಯದೇ, ಸುತ್ತುವ ದಿಕ್ಕೂ ಹಳೆಯದೇ. ಕುರ್ಚಿಯಲ್ಲಿ ಕುಳಿತು ಇಸ್ತ್ರಿ ಮಾಡುವವರ ಸಂಖ್ಯೆ ಇಳಿದರೆ ಟ್ಯಾಂಗೊವಿಗೆ ಅದರಿಂದ ನಷ್ಟವೇನೂ ಇಲ್ಲ.