ಬರ್ಗೆನ್ ಮಳೆಯಲ್ಲಿ ಅಪ್ಪನ ಹಾಡು



ಪ್ರವಾಸ ಲೇಖನ ಎಂದೊಡನೆ ನೀವು ಪುಟ ಮಗುಚುತ್ತೀರಿ ಎಂದು ನನಗೆ ಗೊತ್ತು. ವಿಮಾನದಲ್ಲಿ ಏನು ತಿಂದೆವು, ಹೋಟೆಲಿನ ಕೋಣೆ ಎಷ್ಟು ಚೊಕ್ಕಟವಾಗಿತ್ತು, ಪರದೇಶದಲ್ಲಿ ಸಾರು-ಅನ್ನಕ್ಕೆ ಹೇಗೆ ಬಾಯಿ ಬಿಟ್ಟೆವು ಎಂಬುದನ್ನೆಲ್ಲ ನಿಮ್ಮ ಚಿಕ್ಕಪ್ಪಂದಿರು ಈ ಪತ್ರಿಕೆಯಲ್ಲಿ ಬೇಕಾದಷ್ಟು ಬರೆದಿದ್ದಾರೆ. ನಾನು ಅದನ್ನು ಬರೆಯುವುದಿಲ್ಲ. ನನಗೆ ಐವತ್ತು ದಾಟಿದೆ, ತಲೆ ನರೆತಿದೆ. ಆದರೂ ಲೋಕಲ್ ಟ್ರೈನಿನಲ್ಲಿ ನಿಮ್ಮ ಹಾಗೆಯೇ ಕಿವಿಗೆ ಹಚ್ಚಿಕೊಂಡು ಹೆವಿ ಮೆಟಲ್ ಕೇಳುತ್ತಾ ನಿಂತಿರುತ್ತೇನೆ. ಆ ಹುಚ್ಚು ನನ್ನನ್ನು ಕರೆದೊಯ್ದ ಒಂದು ಊರಿನ ಕತೆಯನ್ನು ಕೇಳಿ.

ಮೊದಲು ನನ್ನ ಮನೆಯ ವಿಷಯ. ನಮ್ಮದು ಮಂಗಳೂರು ಕಡೆಯ ಪ್ರೊಟೆಸ್ಟೆಂಟ್ ಕುಟುಂಬ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಗೆ ಸೇರಿದವರು. ಅಜ್ಜ ಬಡಗಿ. ಅಪ್ಪ ಮುಂಬಯಿಗೆ ಬಂದು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆದರು. ಮನೆಯಲ್ಲಿ ತುಳು, ಚಾಳಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ನಮಗೆ ಭಾನುವಾರದ ಭಾಷೆ. ಸತ್ಯವೇದ ಕನ್ನಡ, ಪ್ರಸಂಗ ಕನ್ನಡ, ಕೀರ್ತನೆ ಕನ್ನಡ. ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಅವರು ಈ ಮಿಶನ್ನಿನವರೇ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮ ಸಭೆಯಲ್ಲಿ ನಾಲ್ಕು ಸ್ವರಗಳಲ್ಲಿ ಹಾಡುವ ರೂಢಿ. ಹೆಂಗಸರು ಮೇಲಿನ ಎರಡು, ಗಂಡಸರು ಕೆಳಗಿನ ಎರಡು. ಎಲ್ಲಕ್ಕಿಂತ ಕೆಳಗಿನ ಬೇಸ್ ಸ್ವರ ಅಪ್ಪನದು. ಅವರು ಹಾಡಿದರೆ ನಾವು ಕೂತ ಬೆಂಚು ಸಣ್ಣಗೆ ಅದುರುತ್ತಿತ್ತು.

ಆ ಅದುರುವಿಕೆಯನ್ನೇ ನಾನು ಮುಂದೆ ಬೇರೆ ಕಡೆ ಹುಡುಕಿದೆನೋ ಏನೋ! 1986ರಲ್ಲಿ ಸ್ಲೇಯರ್ ತಂಡದ 'ರೇನ್ ಇನ್ ಬ್ಲಡ್' ಬಂತು. ಇಡೀ ರೆಕಾರ್ಡು ಅರ್ಧ ಗಂಟೆಯೂ ಇಲ್ಲ. ಗೆಳೆಯನೊಬ್ಬ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಟ್ಟ. ನಾನು ಕೇಳಿದ ರೆಕಾರ್ಡುಗಳಲ್ಲಿ ಒಂದು ಮಾತೂ ಹೆಚ್ಚಿಲ್ಲದ್ದು ಅದೊಂದೇ ಎಂದು ಇವತ್ತಿಗೂ ವಾದಿಸುತ್ತೇನೆ. ಅಲ್ಲಿಂದ ಹಿಂದಕ್ಕೆ ಹೋಗಿ ಬ್ಲ್ಯಾಕ್ ಸಬಾತ್, ಐರನ್ ಮೇಡನ್. ರಂಗಭವನದ ಇಂಡಿಪೆಂಡೆನ್ಸ್ ರಾಕ್. ಉದ್ದ ಕೂದಲು, ಕರಿ ಬನಿಯನ್ನು. ಬ್ಲ್ಯಾಕ್ ಸಬಾತ್‌ನವರನ್ನು ಸೈತಾನನ ಭಕ್ತರು ಎಂದು ನಮ್ಮ ಸಭೆಯ ಹಿರಿಯರು ಬಯ್ಯುತ್ತಿದ್ದರು. ಆ ತಂಡಕ್ಕೆ ಹಾಡು ಬರೆಯುತ್ತಿದ್ದ ಗೀಜರ್ ಬಟ್ಲರ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು, 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ ದೇವರ ಪರವಾಗಿಯೇ ಒಂದು ಹಾಡಿದೆ ಎಂದು ನಾನು ವಾದಿಸುತ್ತಿದ್ದೆ. ಕೇಳುವವರು ಯಾರು?

ಪಾಟು ಕೇಳಿ ಹುಡುಗ ಕೆಟ್ಟ ಎಂದು ಸಭೆಯವರು ಆಡಿಕೊಂಡರು. ನಿಜ ಅದಲ್ಲ. ಪ್ರತಿ ಭಾನುವಾರ ಎಲ್ಲರೂ ಎದ್ದು ನಿಂತು ನಂಬುತ್ತೇವೆ ಎಂದು ಹೇಳುವ ವಿಶ್ವಾಸ ಪ್ರಮಾಣವಿದೆ. 1989ರ ಒಂದು ಭಾನುವಾರ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಬಹಳ ದಿನದಿಂದ ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಹೊಳೆಯಿತು. ಸಂಗೀತ ನನಗೆ ಅವಿಶ್ವಾಸ ಕಲಿಸಲಿಲ್ಲ. ಇದ್ದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಕೊಟ್ಟಿತು, ಅಷ್ಟೇ. ಇನ್ನು ಚರ್ಚಿಗೆ ಬರುವುದಿಲ್ಲ ಎಂದು ಅಪ್ಪನಿಗೆ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಂಬುದು ಬಿಡುದು ನಿನ್ನ ಇಷ್ಟ ಮಗ. ಹಾಡ್ಲಿಕ್ಕಾದ್ರೂ ಬಾ. ಬೇಸ್ ಹಾಡ್ಲಿಕ್ಕೆ ಜನ ಇಲ್ಲ" ಎಂದರು.

ನಾನು ಹೋಗಲಿಲ್ಲ. ನಂಬದ ಮೇಲೆ ಹಾಡುವುದು ಮೋಸ ಎಂಬ ಹತ್ತೊಂಬತ್ತರ ಹಟ.

ಇನ್ನು ನಾರ್ವೆ. 1990ರ ಮೊದಲ ವರ್ಷಗಳಲ್ಲಿ ಅಲ್ಲಿಯ ಹುಡುಗರ ಒಂದು ಗುಂಪು ಬ್ಲ್ಯಾಕ್ ಮೆಟಲ್ ಎಂಬ ಹೊಸ ಬಗೆಯನ್ನು ಕಟ್ಟಿತು. ಬಿರುಗಾಳಿಯಂಥ ಗಿಟಾರು, ಕಿರುಚುವ ಗಂಟಲು, ಕ್ರೈಸ್ತ ಧರ್ಮದ ಮೇಲೆ ಕಡು ಕೋಪ. ಹಾಡಿನಲ್ಲಿದ್ದ ಕೋಪ ಬೀದಿಗೂ ಬಂತು. 1992ರ ಜೂನ್ 6ರಂದು ಬರ್ಗೆನ್ ಹತ್ತಿರದ ಫ್ಯಾಂಟಾಫ್ಟ್ ಎಂಬಲ್ಲಿ ಮರದ ಪುರಾತನ ಚರ್ಚೊಂದು ಬೆಂಕಿಗೆ ಆಹುತಿಯಾಯಿತು. ಬರ್ಗೆನ್‌ನ ಬುರ್ಜುಮ್ ಎಂಬ ಒಬ್ಬನೇ ಮನುಷ್ಯನ ತಂಡ 1993ರಲ್ಲಿ 'ಆಸ್ಕೆ' ಎಂಬ ರೆಕಾರ್ಡು ತಂದಿತು. ಆಸ್ಕೆ ಎಂದರೆ ಬೂದಿ. ಸುಟ್ಟು ಕರಕಲಾದ ಆ ಚರ್ಚಿನ ಚಿತ್ರವೇ ಅದರ ಹೊದಿಕೆ. ಆ ಮನುಷ್ಯ 1994ರಲ್ಲಿ ತನ್ನ ಜೊತೆಗಾರ ಸಂಗೀತಗಾರನ ಕೊಲೆಗೂ ಬೇರೆ ಕೆಲವು ಚರ್ಚುಗಳಿಗೆ ಬೆಂಕಿಯಿಟ್ಟದ್ದಕ್ಕೂ ಜೈಲು ಸೇರಿದ. ಫ್ಯಾಂಟಾಫ್ಟ್ ವಿಷಯದಲ್ಲಿ ಮಾತ್ರ ಜ್ಯೂರಿ ಅವನನ್ನು ತಪ್ಪಿತಸ್ಥನೆನ್ನಲಿಲ್ಲ.

ನಾಚಿಕೆಯಿಂದ ಹೇಳುತ್ತೇನೆ: ಆ ಹೊದಿಕೆಯ ಜೆರಾಕ್ಸ್ ಪ್ರತಿಯೊಂದನ್ನು ನಾನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿಕೊಂಡಿದ್ದೆ. ಒಂದು ದಿನ ಅಪ್ಪ ಅದನ್ನು ನೋಡಿದರು. ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿ, "ಪಾಪ, ಯಾವ ಬಡಗಿ ಕಟ್ಟಿದ್ದೋ" ಎಂದು ಹೇಳಿ ಬಾಗಿಲು ಮುಚ್ಚಿದರು.

ಅಪ್ಪ 2009ರಲ್ಲಿ ತೀರಿಕೊಂಡರು. 2013ರ ಬೇಸಿಗೆಯಲ್ಲಿ ನಾನು ಕೆಲಸ ಮಾಡುವ ಹಡಗಿನ ಕಂಪನಿ ನನ್ನನ್ನು ತರಬೇತಿಗೆಂದು ಎರಡು ವಾರ ಬರ್ಗೆನ್‌ಗೆ ಕಳುಹಿಸಿತು.

ಬರ್ಗೆನ್ ಸಮುದ್ರ ತೀರದ ಊರು. ಸುತ್ತ ಬೆಟ್ಟ, ಬಂದರಿನಲ್ಲಿ ಮೀನು ಮಾರುಕಟ್ಟೆ, ಮರದ ಹಳೆಯ ವ್ಯಾಪಾರಿ ಮನೆಗಳ ಸಾಲು, ಮತ್ತು ಮಳೆ. ನಮ್ಮ ಕರಾವಳಿಯ ಹಾಗೆ ನಾಲ್ಕು ತಿಂಗಳು ಸುರಿದು ಮುಗಿಸುವ ಮಳೆಯಲ್ಲ. ವರ್ಷವಿಡೀ ಬಂದು ಹೋಗುವ ಮಳೆ. ಊರ ನಡುವೆ ಗ್ರಿಗ್‌ಹಾಲೆನ್ ಎಂಬ ದೊಡ್ಡ ಸಂಗೀತ ಭವನವಿದೆ. ಆ ಊರಿನಲ್ಲೇ 1843ರಲ್ಲಿ ಹುಟ್ಟಿದ ಎಡ್ವರ್ಡ್ ಗ್ರಿಗ್ ಎಂಬ ಮಹಾ ಸಂಗೀತಗಾರನ ಹೆಸರು ಅದಕ್ಕೆ. ಮೇಹೆಮ್, ಎಂಪರರ್, ಇಮ್ಮಾರ್ಟಲ್, ಎನ್‌ಸ್ಲೇವ್ಡ್ ಮುಂತಾದ ತಂಡಗಳು ತಮ್ಮ ಹೆಸರಾಂತ ರೆಕಾರ್ಡುಗಳನ್ನು ಮಾಡಿದ್ದು ಈ ಭವನದಲ್ಲಿದ್ದ ಸ್ಟುಡಿಯೋದಲ್ಲಿ ಎಂದರೆ ನಂಬುತ್ತೀರಾ? ನಾನು ಅದರ ಎದುರು ಕೊಡೆ ಹಿಡಿದು ಕಾಶಿಯಾತ್ರೆಗೆ ಬಂದವನ ಹಾಗೆ ನಿಂತೆ.

ಊರಿನಿಂದ ಫ್ಯಾಂಟಾಫ್ಟ್‌ಗೆ 2010ರಲ್ಲಿ ಶುರುವಾದ ನಗರ ರೈಲಿನಲ್ಲಿ ಹೋಗಬಹುದು. ಫ್ಯಾಂಟಾಫ್ಟ್ ಆದ ಮೇಲಿನ ನಿಲ್ದಾಣದ ಹೆಸರು ಪರಾಡಿಸ್, ಅಂದರೆ ಸ್ವರ್ಗ. ಸ್ವರ್ಗಕ್ಕೆ ಒಂದು ಸ್ಟಾಪು ಮುಂಚೆ ಇಳಿಯುವುದು ನನ್ನಂಥವನಿಗೆ ಸರಿಯಾಗಿಯೇ ಇತ್ತು! ಮರಗಳ ನಡುವಿನ ದಾರಿ ಹತ್ತಿದರೆ ಕಪ್ಪಗೆ ಹೊಳೆಯುವ ಚರ್ಚು ಎದುರಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮಾಡು, ಮಾಡಿನ ತುದಿಗಳಲ್ಲಿ ಬಾಯ್ದೆರೆದ ಡ್ರ್ಯಾಗನ್ ತಲೆಗಳು. ನೆಟ್ಟ ಮರದ ಕಂಬಗಳ ಮೇಲೆ ನಿಲ್ಲುವ ಇಂಥ ಹಳೆಯ ಚರ್ಚುಗಳು ನಾರ್ವೆಯಲ್ಲಿ ಉಳಿದಿರುವುದು 28 ಮಾತ್ರ. ಇದು ಆ ಲೆಕ್ಕದಲ್ಲಿಲ್ಲ. ಸುಮಾರು 1150ರಲ್ಲಿ ಬೇರೆ ಕಡೆ ಕಟ್ಟಿ, 1883ರಲ್ಲಿ ಇಲ್ಲಿಗೆ ತಂದು ನಿಲ್ಲಿಸಿದ್ದ ಚರ್ಚು ಸುಟ್ಟೇ ಹೋಯಿತು. ಈಗಿರುವುದು ಅದೇ ರೂಪದಲ್ಲಿ ಹೊಸ ಮರದಿಂದ ಕಟ್ಟಿ 1997ರಲ್ಲಿ ಮುಗಿಸಿದ್ದು. ಗೋಡೆಗೆ ಕೈಯಿಟ್ಟೆ. ಮಳೆಗೆ ನೆನೆದ ಮರ, ಟಾರಿನ ವಾಸನೆ, ಕೈಗೆ ಸಿಗುವ ಕೂಡುಗಳು. ಅಜ್ಜ ಉಳಿ ಹಿಡಿದು ಮಾಡುತ್ತಿದ್ದ ಕೆಲಸ. ಯಾವ ಬಡಗಿ ಕಟ್ಟಿದ್ದೋ ಎಂಬ ಅಪ್ಪನ ಮಾತು ಕೇಳಿದಂತಾಗಿ ಕೈ ಹಿಂದಕ್ಕೆ ತೆಗೆದುಕೊಂಡೆ. ನಂಬದಿರುವುದಕ್ಕೂ ಸುಡುವುದಕ್ಕೂ ಇರುವ ದೂರ ಕಪಾಟಿನ ಬಾಗಿಲು ತೆರೆದಾಗೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು, ನಾನೇ ನೋಡಿರಲಿಲ್ಲ.

ಪರಾಡಿಸ್ ದಾಟಿದರೆ ಹೋಪ್ ಎಂಬ ನಿಲ್ದಾಣ. ಅಲ್ಲಿಂದ ನಡೆದರೆ ಗ್ರಿಗ್ ಬಾಳಿದ ಟ್ರೋಲ್ಡ್‌ಹೌಗೆನ್ ಮನೆ, ಕೆರೆಯಂಚಿನಲ್ಲಿ ಅವನು ಕೂತು ಸಂಗೀತ ಬರೆಯುತ್ತಿದ್ದ ಪುಟ್ಟ ಗುಡಿಸಲು, ಬಂಡೆಯಲ್ಲಿ ಅವನ ಸಮಾಧಿ. ಗ್ರಿಗ್ 1888ರಲ್ಲಿ ಇಂಗ್ಲೆಂಡಿಗೆ ಹೋದಾಗ ಯೂನಿಟೇರಿಯನ್ ವಿಚಾರಗಳಿಗೆ ಒಲಿದು, ತಾನು ಹುಟ್ಟಿದ ಲೂಥರನ್ ಚರ್ಚಿನ ಸಿದ್ಧಾಂತಗಳಿಂದ ದೂರವಾದವನು. ಅಂಥವನು ಸಾಯುವ ಮುನ್ನಾ ವರ್ಷ, 1906ರಲ್ಲಿ, ಬರೆದ ಕೊನೆಯ ಕೃತಿ ಯಾವುದು ಗೊತ್ತೇ? ನಾರ್ವೆಯ ಜನ ಹಿಂದಿನಿಂದ ಹಾಡಿಕೊಂಡು ಬಂದ ಸ್ತೋತ್ರಗಳ ರಾಗಗಳನ್ನು ಎತ್ತಿಕೊಂಡು ಮೇಳಕ್ಕೆ ಹೊಂದಿಸಿದ ನಾಲ್ಕು ಕೀರ್ತನೆಗಳು.

ಆ ಕೀರ್ತನೆಗಳಲ್ಲೊಂದನ್ನು ನಾನು ಮಾರನೆಯ ಸಂಜೆಯೇ ಕೇಳಿದೆ. ಗುಡ್ಡದ ಮೇಲಿನ ಕೆಂಪು ಇಟ್ಟಿಗೆಯ ಸಂತ ಯೋಹಾನರ ಚರ್ಚಿನಲ್ಲಿ, ಮಳೆಗೆ ಓಡಿ ಹೊಕ್ಕಾಗ, ಒಂದು ಮೇಳ ಅಭ್ಯಾಸ ಮಾಡುತ್ತಿತ್ತು. ಅದೂ 1894ರಲ್ಲಿ ಕಟ್ಟಿದ್ದು, ಕಿಟೆಲ್ ನಿಘಂಟಿನ ವರ್ಷ. ಹಿಂದಿನ ಬೆಂಚಿನಲ್ಲಿ ಕೂತೆ. ಗಂಡಸರ ಕೆಳಸ್ವರ ಏಳುತ್ತಲೇ ಬೆಂಚು ಸಣ್ಣಗೆ ಅದುರಿತು. ಮುಂದಿನದನ್ನು ವಿವರಿಸುವುದಿಲ್ಲ; ಕರವಸ್ತ್ರ ಹುಡುಕಿದೆ ಎಂದರೆ ಸಾಕು. ಬಿಡುವಿನಲ್ಲಿ ಹಿರಿಯ ಹೆಂಗಸೊಬ್ಬರು ಬಂದು ಕಾಫಿ ಕೊಟ್ಟರು. ನೀವು ಈ ಸಭೆಯವರೇ ಎಂದು ಕೇಳಿದೆ. ಇಲ್ಲ, ಚರ್ಚಿನಿಂದ ಹೆಸರು ತೆಗೆಸಿ ಇಪ್ಪತ್ತು ವರ್ಷವಾಯಿತು, ಆದರೆ ಈ ಹಾಡುಗಳು ನನ್ನಜ್ಜಿಯವು, ಅವನ್ನು ಯಾರಿಗೆ ಬಿಟ್ಟುಕೊಡಲಿ ಎಂದು ನಕ್ಕರು.

ಆ ರಾತ್ರಿ ಹೋಟೆಲಿನಲ್ಲಿ ನನ್ನ ಹಳೆಯ ರೆಕಾರ್ಡುಗಳನ್ನು ಹೊಸ ಕಿವಿಯಿಂದ ಕೇಳಿದೆ. ಮೆಟಲ್ ಎಂದರೆ ಇಂಗ್ಲಿಷು ಎಂದು ತಿಳಿದವನು ನಾನು. ಈ ನಾರ್ವೆಯ ಹುಡುಗರಲ್ಲಿ ಎಷ್ಟೋ ಮಂದಿ ಹಾಡಿದ್ದು ತಮ್ಮ ಭಾಷೆಯಲ್ಲಿ! ಊಲ್ವರ್ ತಂಡದ 'ಬೆರ್ಗ್‌ಟಾಟ್' (1995) ಹಳೆಗಾಲದ ನುಡಿಯಲ್ಲಿ ಹೇಳಿದ ಐದು ಅಧ್ಯಾಯಗಳ ಕತೆ. ಮರುವರ್ಷದ 'ಕ್ವೆಲ್ಸಾಂಗೆರ್'ನಲ್ಲಿ ವಿದ್ಯುತ್ ಗಿಟಾರೇ ಇಲ್ಲ; ಮನೆಯವರೊಡನೆ ಕೂತು ಕೇಳಬಹುದು. ಎನ್‌ಸ್ಲೇವ್ಡ್ ತಂಡದ 'ಫ್ರಾಸ್ಟ್' (1994) ನಾರ್ವೇಜಿಯನ್ನಿನಲ್ಲಿ ಗುಡುಗುತ್ತದೆ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ವಿಂದಿರ್ ತಂಡದ 'ಆರ್ನ್‌ಟೋರ್' (1999). ಅದರ ನಾಯಕ ವಾಲ್ಫಾರ್ ಹಾಡಿದ್ದು ತನ್ನ ಸೋಗ್ನ್ ಸೀಮೆಯ ಆಡುಮಾತಿನಲ್ಲಿ. 2004ರ ಜನವರಿಯಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ ತೀರಿಕೊಂಡಾಗ ಅವನಿಗೆ ಬರೀ 25 ವರ್ಷ. ಬುರ್ಜುಮ್ ಬಗ್ಗೆ ಕೇಳಿದರೆ, ಅದರ ಪ್ರತಿಭೆಯನ್ನು ಅಲ್ಲಗಳೆಯಲಾರೆ. ಆದರೆ ಆತ ತನ್ನ ನೆಲದ ಪ್ರೀತಿಯನ್ನು ಪರರ ದ್ವೇಷವಾಗಿಸಿಕೊಂಡ. ಪರವೂರಿನಲ್ಲಿ ಬಾಳುವ ನಾವು ಅಂಥದ್ದಕ್ಕೆ ತಲೆದೂಗಬಾರದು. ಅವನ ರೆಕಾರ್ಡಿಗೆ ನಾನು ದುಡ್ಡು ಕೊಡುವುದಿಲ್ಲ.

ಬಿಡುವುದು ಅಲ್ಲಿ ಈಗ ದೊಡ್ಡ ಸಂಗತಿಯೂ ಅಲ್ಲ. 2012ರಲ್ಲಿ ಸಂವಿಧಾನ ತಿದ್ದಿ ಸರಕಾರ ಮತ್ತು ಚರ್ಚಿನ ಗಂಟು ಸಡಿಲಿಸಿದರು. 2016ರ ಆಗಸ್ಟ್‌ನಲ್ಲಿ ಚರ್ಚು ಕಂಪ್ಯೂಟರಿನಲ್ಲೇ ಹೆಸರು ತೆಗೆಸಲು ಅನುಕೂಲ ಮಾಡಿಕೊಟ್ಟಾಗ ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಹೊರಬಿದ್ದರು. ಚರ್ಚು ಬಿಟ್ಟವರು ಭಾಷೆಯನ್ನು ಬಿಡಲಿಲ್ಲ. ನಾನೋ, ದೇವರೊಂದಿಗೆ ಕನ್ನಡವನ್ನೂ ಬೆಂಚಿನ ಮೇಲೆ ಬಿಟ್ಟು ಎದ್ದು ಬಂದವನು. ಇಪ್ಪತ್ನಾಲ್ಕು ವರ್ಷ ಒಂದು ಕನ್ನಡ ಸಾಲನ್ನೂ ಓದಿರಲಿಲ್ಲ.

ಮುಂಬಯಿಗೆ ಮರಳಿ ಅಪ್ಪನ ಸಂಗೀತ ಪುಸ್ತಕ ತೆಗೆದೆ. ಒತ್ತಕ್ಷರ ಬಂದಲ್ಲೆಲ್ಲ ಮುಗ್ಗರಿಸಿದೆ. ಅಮ್ಮ ಅಡಿಗೆಮನೆಯಿಂದಲೇ ತಿದ್ದಿದರು. ಈ ಲೇಖನವನ್ನು ನಾನೇ ಕನ್ನಡದಲ್ಲಿ ಬರೆದಿದ್ದೇನೆ. ತಪ್ಪು ತಿದ್ದಿದ್ದು ಅವರೇ. ಈಗ ಶನಿವಾರ ಸಂಜೆ ಮೇಳದ ಅಭ್ಯಾಸಕ್ಕೆ ಹೋಗುತ್ತೇನೆ. ನಾನು ನಂಬುವವನಲ್ಲ ಎಂದು ಪಾದ್ರಿಗಳಿಗೆ ಮೊದಲೇ ಹೇಳಿದ್ದೇನೆ. ಅವರು, "ಬೇಸ್‌ಗೆ ಜನ ಇಲ್ಲ, ಬನ್ನಿ" ಎಂದರು.

ಆದರೆ ಒಂದು ಕೀರ್ತನೆ ನನ್ನಿಂದಾಗುವುದಿಲ್ಲ. ಅದು ನಮ್ಮ ದೇಶೀ ರಾಗದ್ದು. ಪುಸ್ತಕದಲ್ಲಿ ಸಾಹಿತ್ಯ ಮಾತ್ರವಿದೆ, ನಾಲ್ಕು ಸ್ವರ ಬರೆದಿಲ್ಲ. ಅಪ್ಪ ಅದಕ್ಕೆ ತಾವೇ ಕಿವಿಯಿಂದ ಒಂದು ಬೇಸ್ ಹೊಂದಿಸಿಕೊಂಡಿದ್ದರು. ಅಮ್ಮನಿಗೆ ಮೇಲಿನ ಸ್ವರ ಗೊತ್ತು. ಅಪ್ಪನದು ಯಾರಿಗೂ ಗೊತ್ತಿಲ್ಲ. ನನ್ನ ಹತ್ತಿರ ಮುನ್ನೂರಕ್ಕೂ ಮಿಕ್ಕಿ ಕ್ಯಾಸೆಟ್ಟುಗಳಿವೆ. ಅವನ್ನು ಇಳಿಸಿಕೊಳ್ಳಲೆಂದೇ ಕೊಂಡ ಎರಡು ಡೆಕ್ಕಿನ ಟೇಪ್ ರೆಕಾರ್ಡರ್ ಇಪ್ಪತ್ತು ವರ್ಷ ನಮ್ಮ ಮನೆಯಲ್ಲೇ ಇತ್ತು. ಅಪ್ಪನ ದನಿ ಒಂದರಲ್ಲೂ ಇಲ್ಲ.

ನಿಮ್ಮಲ್ಲಿ ಕೆಲವರು ಮನೆಯ ಪೂಜೆ ಬಿಟ್ಟಿರಬಹುದು, ಭಜನೆ ಬಿಟ್ಟಿರಬಹುದು, ನನ್ನ ಹಾಗೆ ಚರ್ಚನ್ನೇ ಬಿಟ್ಟಿರಬಹುದು. ಅದು ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟದ್ದು. ನಾನು ಉಪದೇಶ ಮಾಡುವವನಲ್ಲ. ಒಂದೇ ಕೆಲಸ ಮಾಡಿ. ಈ ಭಾನುವಾರ ಮನೆಯ ಹಿರಿಯರ ಹತ್ತಿರ ಹೋಗಿ, ಅವರಿಗೆ ಬರುವ ಹಾಡೊಂದನ್ನು ಹೇಳಿಸಿ. ನಿಮ್ಮ ಜೇಬಿನಲ್ಲಿರುವ ಫೋನು ನನ್ನ ಟೇಪ್ ರೆಕಾರ್ಡರಿಗಿಂತ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬೇಕಾದರೆ ಸ್ಲೇಯರ್ ಹಾಕಿಕೊಳ್ಳಿ.