ಎರಡು ಇಂಧನದ ಲೆಕ್ಕ

ಟೂವೂಂಬಾ, ಕ್ವೀನ್ಸ್‌ಲ್ಯಾಂಡ್

1 ಜುಲೈ 2013, ಸೋಮವಾರ

ಇವತ್ತಿನಿಂದ ಗಾಡಿ ಗ್ಯಾಸಿನ (ಎಲ್‌ಪಿಜಿ) ಸುಂಕ ಲೀಟರಿಗೆ 7.5 ಸೆಂಟ್. 2011ರ ಡಿಸೆಂಬರಿನಲ್ಲಿ 2.5ರಿಂದ ಶುರುವಾಗಿದ್ದು, 2015ಕ್ಕೆ 12.5 ಮುಟ್ಟುತ್ತದೆಂದು ಸರ್ಕಾರ ಮೊದಲೇ ಹೇಳಿಟ್ಟಿದೆ. ಪೆಟ್ರೋಲ್ ಕಾರಿಗೆ ಗ್ಯಾಸ್ ಹಾಕಿಸುವವರು ಕಡಿಮೆಯಾಗಿದ್ದಾರೆ. ನಮ್ಮ ಗ್ಯಾರೇಜಿಗೆ ಈಗ ಬರುವುದು ಹೆಚ್ಚಾಗಿ ಡೀಸೆಲ್ ಫೋರ್‌ವೀಲ್ ಗಾಡಿಗಳು, ಹಿಂದೆ ಕ್ಯಾರವಾನ್ ಕಟ್ಟಿಕೊಂಡು ದೇಶ ಸುತ್ತಲು ಹೊರಟ ನಿವೃತ್ತರು. "ಗ್ಯಾಸ್ ಸೇರಿಸಿದರೆ ಡೀಸೆಲ್ ಪೂರ್ತಿ ಉರಿಯುತ್ತಂತೆ, ಹೌದಾ?" ಅನ್ನುವುದು ಎಲ್ಲರ ಮೊದಲ ಪ್ರಶ್ನೆ.

ಇವತ್ತು ಬಂದವರದ್ದೂ ಅದೇ. 80 ಸೀರೀಸ್ ಲ್ಯಾಂಡ್‌ಕ್ರೂಸರ್, 4.2 ಲೀಟರ್ ಟರ್ಬೊ ಡೀಸೆಲ್, ವಯಸ್ಸು ಇಪ್ಪತ್ತರ ಹತ್ತಿರ. ಪಂಪು ಹಳೇ ಕಾಲದ್ದು, ಕಂಪ್ಯೂಟರ್ ಕಾಟವಿಲ್ಲ. ಕೆಲಸಕ್ಕೆ ಒಳ್ಳೆಯ ಗಾಡಿ.

3 ಜುಲೈ, ಬುಧವಾರ

ಸ್ಟೆಪ್ನಿಯನ್ನು ಹಿಂಬದಿ ಬಂಪರಿಗೆ ಏರಿಸಿ, ಅದರ ಜಾಗದಲ್ಲಿ ಗ್ಯಾಸಿನ ಟ್ಯಾಂಕು ಕೂರಿಸಿದೆ. ಎಂಬತ್ತು ಭಾಗ ತುಂಬಿದೊಡನೆ ಒಳಗಿನ ತೇಲುವಾಲ್ವ್ ಮುಚ್ಚಿಕೊಳ್ಳುತ್ತದೆ. ಉಳಿದ ಇಪ್ಪತ್ತು ಬಿಸಿಲಿಗೆ ದ್ರವ ಹಿಗ್ಗಲು ಬಿಟ್ಟ ಜಾಗ. ಎಲ್ಲ ಫಿಟ್ಟಿಂಗೂ ಎಎಸ್/ಎನ್‌ಜೆಡ್‌ಎಸ್ 1425 ಎಂಬ ಮಾನದಂಡದ ಪ್ರಕಾರವೇ ಇರಬೇಕು.

ಗ್ಯಾಸು ಕಡಿಯುವ ಸೊಲೆನಾಯ್ಡ್ ವಾಲ್ವನ್ನು ಬಿಚ್ಚಿ ಹಾಕಿ ಮತ್ತೆ ಮತ್ತೆ ಪರೀಕ್ಷಿಸಿದೆ. ಪೆಟ್ರೋಲ್ ಎಂಜಿನ್ನಿಗೆ ಗಾಳಿ ತಡೆಯುವ ಥ್ರಾಟಲ್ ಇದೆ, ಕೀಲಿ ತಿರುಗಿಸಿದರೆ ಕಿಡಿಯೂ ನಿಲ್ಲುತ್ತದೆ. ಈ ಡೀಸೆಲಿಗೆ ಎರಡೂ ಇಲ್ಲ. ಗಾಳಿಯ ಜೊತೆ ಗ್ಯಾಸು ನುಗ್ಗುತ್ತಲೇ ಇದ್ದರೆ ಕೀಲಿ ತೆಗೆದ ಮೇಲೂ ಎಂಜಿನ್ ಓಡಬಹುದು, ಲಂಗುಲಗಾಮಿಲ್ಲದೆ.

5 ಜುಲೈ, ಶುಕ್ರವಾರ

ಬೆಳಿಗ್ಗೆ ವಿಪರೀತ ಚಳಿ. ವೇಪೊರೈಸರ್‌ಗೆ ರೇಡಿಯೇಟರಿನ ಬಿಸಿನೀರಿನ ಸಂಪರ್ಕ ಕೊಟ್ಟಿರುವುದರಿಂದ, ಎಂಜಿನ್ ಕಾಯುವ ತನಕ ಗ್ಯಾಸು ತೆರೆಯದಂತೆ ಏರ್ಪಾಡು ಮಾಡಿದೆ. ದ್ರವ ಆವಿಯಾಗಬೇಕಾದರೆ ಶಾಖ ಬೇಕು. ಇಲ್ಲದಿದ್ದರೆ ವೇಪೊರೈಸರೇ ಹಿಮಗಟ್ಟುತ್ತದೆ.

ಆಮೇಲೆ ಪ್ರಮಾಣ ಹೊಂದಿಸಲು ಕುಳಿತೆ. ಗ್ಯಾಸಿನಲ್ಲಿರುವ ಪ್ರೊಪೇನ್ ಡೀಸೆಲಿನಷ್ಟು ಸುಲಭಕ್ಕೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಅದಕ್ಕೆ ಸುಮಾರು 470 ಡಿಗ್ರಿ ಬೇಕು. ಗಾಳಿಯ ಜೊತೆ ಒಳಗೆ ಹೋಗಿ ಕಾಯುತ್ತಿರುತ್ತದೆ, ಡೀಸೆಲ್ ಚಿಮ್ಮಿ ಹೊತ್ತಿಕೊಂಡಾಗ ಆ ಬೆಂಕಿಯಿಂದ ಉರಿಯುತ್ತದೆ. ಅಳತೆ ಮೀರಿದರೆ ಕಾಯುವುದಿಲ್ಲ. ಡೀಸೆಲಿನ ಮಾಮೂಲಿ ಕಟಕಟ ಹೋಗಿ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಬರುತ್ತದೆ. ಆ ಸದ್ದು ಕೇಳಿದ ಮೇಲೂ ರೇಸ್ ಕೊಡುವವನಿಗೆ ಪಿಸ್ಟನ್ನಿನ ಬೆಲೆ ಗೊತ್ತಿಲ್ಲ.

ಐಡಲಿನಲ್ಲೂ ಹಗುರ ಓಟದಲ್ಲೂ ಗ್ಯಾಸನ್ನು ಪೂರ್ತಿ ಮುಚ್ಚಿಟ್ಟೆ. ಗಾಳಿಯಲ್ಲಿ ಪ್ರೊಪೇನ್ ಶೇಕಡಾ 2ಕ್ಕಿಂತ ಕಡಿಮೆ ಇದ್ದರೆ ಜ್ವಾಲೆ ಹಬ್ಬುವುದಿಲ್ಲ. ಡೀಸೆಲ್ ಜ್ವಾಲೆ ಮುಟ್ಟಿದ್ದಷ್ಟೇ ಉರಿಯುತ್ತದೆ, ಮಿಕ್ಕಿದ್ದು ಸೈಲೆನ್ಸರಿನಿಂದ ಹೊರಗೆ. ಕೊಂಡ ಗ್ಯಾಸು ಗಾಳಿಗೆ.

6 ಜುಲೈ, ಶನಿವಾರ

ಕ್ಯಾರವಾನ್ ಕಟ್ಟಿಕೊಂಡು ವಿತ್‌ಕಾಟ್‌ನಿಂದ ಟೂವೂಂಬಾದ ಘಾಟಿ ಹತ್ತಿಸಿದೆವು. ಗಾಡಿಯ ಯಜಮಾನರು ಪಕ್ಕದಲ್ಲೇ. ಗ್ಯಾಸ್ ಇಲ್ಲದೆ ಒಮ್ಮೆ, ಗ್ಯಾಸ್ ಕೊಟ್ಟು ಒಮ್ಮೆ. ವ್ಯತ್ಯಾಸಕ್ಕೆ ಮೀಟರೇ ಬೇಕಿರಲಿಲ್ಲ. ಗೇರ್ ಇಳಿಸಬೇಕಾದ ತಿರುವಿನಲ್ಲಿ ಇಳಿಸದೆ ಎಳೆಯಿತು. ಅವರ ಮುಖ ಅರಳಿತು. ನನ್ನ ಕಣ್ಣು ಮಾತ್ರ ಹೊಗೆಯ ಶಾಖ ಅಳೆಯಲು ಟರ್ಬೊ ಮುಂದೆ ಕೂರಿಸಿದ್ದ ಪೈರೊಮೀಟರಿನ ಮೇಲೆ. ಮುಳ್ಳು 650 ಡಿಗ್ರಿ ಸಮೀಪಿಸಿದಾಗ ಕಾಲು ತೆಗೆಯಲು ಹೇಳಿದೆ. ಪಿಸ್ಟನ್ ಅಲ್ಯುಮಿನಿಯಂನದು. ಶುದ್ಧ ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ. ಕೆಳಗಿನಿಂದ ಚಿಮ್ಮುವ ಆಯಿಲ್ ಅದನ್ನು ತಂಪಾಗಿಟ್ಟು ಕಾಪಾಡುತ್ತದೆ ನಿಜ. ಆದರೆ ಉದ್ದನೆಯ ಏರಿನಲ್ಲಿ ಅದಕ್ಕೂ ಒಂದು ಮಿತಿ.

ಮಧ್ಯಾಹ್ನ ಗ್ಯಾಸನ್ನು ಇನ್ನಷ್ಟು ಇಳಿಸಿದೆ. "ಎಳೆತ ಕಮ್ಮಿಯಾಯ್ತಲ್ಲ" ಎಂದರು. "ಎಂಜಿನ್ ಉಳೀತದಲ್ಲ ಸಾರ್" ಎಂದು ಇಂಗ್ಲಿಷಿನಲ್ಲೇ ಹೇಳಿದೆನಾದರೂ ಧಾಟಿ ನಮ್ಮೂರಿನದೇ.

7 ಜುಲೈ, ಭಾನುವಾರ

ಸಂಜೆ ಅಣ್ಣ ಮೂಡಿಗೆರೆಯಿಂದ ಫೋನ್ ಮಾಡಿದ್ದ. ನನ್ನ ಕೆಲಸ ಕೇಳಿ, "ತೋಟದ ಜೀಪಿಗೆ ಅಡುಗೆಮನೆ ಸಿಲಿಂಡರಿಂದ ಒಂದು ಪೈಪ್ ಎಳೆದ್ರೆ ಆಗಲ್ವೇನೋ?" ಅಂದ. ಬೈದೆ. ಮನೆ ಸಿಲಿಂಡರನ್ನು ಗಾಡಿಗೆ ಹಾಕುವುದನ್ನು ಭಾರತದಲ್ಲಿ 2001ರ ಸರ್ಕಾರಿ ಆದೇಶವೇ ನಿಷೇಧಿಸಿದೆ. ಕಾನೂನು ಹಾಗಿರಲಿ, ಕುಲುಕುವ ಜೀಪಿನಲ್ಲಿ ಅದರ ರೆಗ್ಯುಲೇಟರನ್ನು ನಂಬುವುದು ಹೇಗೆ? "ಸರಿ ಬಿಡು ಮಾರಾಯ, ಮೈಲೇಜಾದ್ರೂ ಬರ್ತದಾ ಹೇಳು" ಅಂದ. ಅವನಿಗಾಗಿ ಲೆಕ್ಕ ಹಾಕಿದ್ದು ಇಲ್ಲಿ ಬರೆದಿಡುತ್ತೇನೆ.

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 38 ಮೆಗಾಜೂಲ್ ಶಕ್ತಿ. ಒಂದು ಲೀಟರ್ ಗ್ಯಾಸಿನಲ್ಲಿ 26ರ ಆಸುಪಾಸು. ಅಂದರೆ ಮೂರು ಲೀಟರ್ ಗ್ಯಾಸು ಎರಡು ಲೀಟರ್ ಡೀಸೆಲಿಗೆ ಸಮ. ನೂರು ಕಿಲೋಮೀಟರಿಗೆ 15 ಲೀಟರ್ ಡೀಸೆಲ್ ಕುಡಿಯುವ ಗಾಡಿಗೆ ಮೂರು ಲೀಟರ್ ಗ್ಯಾಸು ಕೊಟ್ಟರೆ ಡೀಸೆಲ್ 13ಕ್ಕೆ ಇಳಿಯಬೇಕು. ಇಳಿಯುತ್ತದೆ ಕೂಡ, ಎಳೆತ ಹೆಚ್ಚಾದದ್ದರಿಂದ ಕಾಲು ತಾನಾಗಿ ಹಗುರಾಗುತ್ತದೆ. ಜನ ಆ 13ನ್ನು ನೋಡಿ ಕುಣಿಯುತ್ತಾರೆ, ಗ್ಯಾಸಿನ ಮೂರನ್ನು ಎಣಿಸುವುದಿಲ್ಲ. ಸೌದೆಯ ಜೊತೆ ತೆಂಗಿನ ಗರಿಯನ್ನೂ ಒಲೆಗೆ ತುರುಕಿ, ಸೌದೆ ಉಳಿಯಿತು ಅಂದ ಹಾಗೆ.

ಡೀಸೆಲ್ ಪೂರ್ತಿ ಉರಿಯುತ್ತದೆ ಅನ್ನುವುದೂ ಅಷ್ಟೆ. ಸರಿಯಿರುವ ಡೀಸೆಲ್ ಎಂಜಿನ್ ತನ್ನ ಇಂಧನದಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಸುಟ್ಟೇ ಬಿಡುತ್ತದೆ. ಮಿಕ್ಕಿದ ಒಂದೆರಡರಲ್ಲಿ ಯಾರು ಎಷ್ಟು ಉಳಿಸಿಯಾರು?

ಲಾಭ ಇರುವುದು ಬೆಲೆಯಲ್ಲಿ. ಗ್ಯಾಸಿನ ಲೀಟರು ಡೀಸೆಲಿನ ಮೂರನೇ ಎರಡಕ್ಕಿಂತ ಅಗ್ಗವಿದ್ದರೆ ಜೇಬಿಗೆ ಉಳಿತಾಯ. ಈ ಊರಿನಲ್ಲಿ ಈಗ ಅರ್ಧದ ಆಸುಪಾಸಿದೆ. ದೂರದ ಒಳನಾಡಿನ ಬಂಕುಗಳಲ್ಲಿ ಗ್ಯಾಸು ತುಟ್ಟಿ, ಕೆಲವು ಕಡೆ ಇಲ್ಲವೇ ಇಲ್ಲ. ಕಿಟ್ಟಿನ ದುಡ್ಡು ಹುಟ್ಟುವಷ್ಟು ಓಡಿಸದವನಿಗೆ ಲೆಕ್ಕ ಕೂಡಿಬರುವುದಿಲ್ಲ.

9 ಜುಲೈ, ಮಂಗಳವಾರ

ಗಾಡಿ ಹೋಯಿತು. ಕೀಲಿ ಕೊಡುವಾಗ ಎರಡು ಮಾತು ಹೇಳಿದೆ. ಎರಡೂ ಇಂಧನದ ಚೀಟಿ ಇಟ್ಟುಕೊಳ್ಳಿ, ಏರಿನಲ್ಲಿ ಮುಳ್ಳು 650 ಕಡೆ ಹೊರಟರೆ ಗೇರ್ ಇಳಿಸಿ. ಹೊರಡುವ ಮುನ್ನ ಅವರು ಕೇಳಿದರು, "ನಿನ್ನದೇ ಗಾಡಿಯಾಗಿದ್ದರೆ ಹಾಕಿಸುತ್ತಿದ್ದೆಯಾ?" ಭಾರ ಎಳೆಯುವುದಿದ್ದರೆ ಖಂಡಿತ ಹಾಕಿಸುತ್ತಿದ್ದೆ, ಇಂಧನ ಉಳಿಸಲು ಮಾತ್ರವೆಂದರೆ ಇಲ್ಲ ಎಂದೆ. ಗ್ಯಾರೇಜಿನ ಮಾಲೀಕ ಕೌಂಟರಿನ ಹಿಂದಿನಿಂದ ನನ್ನನ್ನೇ ದಿಟ್ಟಿಸಿದ. ದಿಟ್ಟಿಸಲಿ. ಮುಂದಿನ ವಾರ ಬರುವವರೂ ಇದನ್ನೇ ಕೇಳುತ್ತಾರೆ, ಅವರಿಗೂ ಇದೇ ಉತ್ತರ.