ಬೇವಿನ ನೆರಳು, ಜೋಳದ ಎಲೆ

ಅಕ್ಕಲಕೋಟೆ ಸೀಮೆಯ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ತಗಡಿನ ಛಾವಣಿಯ ಶಾಲಾಕೋಣೆಯನ್ನು ವರ್ಣಿಸಬೇಕಾಗಿಲ್ಲ. ನನ್ನ ಸೇವೆಯ ಕೊನೆಯ ವರ್ಷ, ಅಲ್ಲಿ ಕೂಡಲಾರದೆ, ಐದನೆಯ ತರಗತಿಯನ್ನು ಅಂಗಳದ ಬೇವಿನ ಮರದಡಿಗೆ ಕರೆತಂದೆ. ಹುಡುಗಿಯೊಬ್ಬಳು ಕೇಳಿದಳು: "ಸರ್, ತಗಡಿಗೂ ಎಲಿಗೂ ಬೀಳೂದು ಒಂದೇ ಬಿಸಲಲ್ಲೇನ್ರಿ? ತಗಡು ಸುಡ್ತದ, ಎಲಿ ಯಾಕ ಸುಡಂಗಿಲ್ಲ?"

"ಮರದ ನೆರಳು ತಂಪು" ಎಂದುಬಿಟ್ಟೆ. ಅದು ಉತ್ತರವಲ್ಲವೆಂಬುದು ಅವಳಿಗೂ ತಿಳಿಯಿತು, ನನಗೂ ತಿಳಿದಿತ್ತು.

ಆ ರಾತ್ರಿ ಹಳೆಯ ವಿಜ್ಞಾನ ಪುಸ್ತಕಗಳನ್ನು ತೆರೆದು ಕುಳಿತೆ. ಬಿಸಿಲಿನ ಒಂದು ಪಾಲನ್ನು ಎಲೆ ಹೀರಿಕೊಳ್ಳುವುದೇ ಇಲ್ಲ. ಹಿಂದಕ್ಕೆ ಚೆಲ್ಲುತ್ತದೆ ಇಲ್ಲವೆ ತನ್ನ ಮೂಲಕ ಹಾಯಗೊಡುತ್ತದೆ. ಎಲೆ ಗಾಳಿಗಿಂತ ಬಿಸಿಯಾದರೆ ಗಾಳಿಯೇ ಆ ಬಿಸಿಯನ್ನು ಒಯ್ಯುತ್ತದೆ. ಬೇವಿನಂಥ ಕಿರಿದಾದ ಎಲೆಗಳಲ್ಲಿ ಈ ಕೆಲಸ ಬೇಗ ಸಾಗುತ್ತದೆ. ಇವೆಲ್ಲಕ್ಕೂ ಜೊತೆಯಾಗಿ, ಬೇರು ತಂದ ನೀರು ಪತ್ರರಂಧ್ರಗಳೆಂಬ ಸೂಕ್ಷ್ಮ ಬಾಯಿಗಳಿಂದ ಆವಿಯಾಗಿ ಹೊರಡುತ್ತದೆ. ಮಂಜಿನಷ್ಟು ತಣ್ಣಗಿನ ಒಂದು ಗ್ರಾಂ ನೀರನ್ನು ಕುದಿಯುವ ಹಂತಕ್ಕೆ ತರಲು 100 ಕ್ಯಾಲೊರಿ ಶಾಖ ಸಾಕು. ಎಲೆಯಿಂದ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿಯನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ತಗಡಿಗೆ ಬೆವರಲು ನೀರೆಲ್ಲಿದೆ?

ಮರುದಿನ ಇದನ್ನೆಲ್ಲ ಹೇಳಿದೆ. ಅವಳು ಮತ್ತೆ ಕೇಳಿದಳು: "ನೀರು ಇಲ್ಲಂದ್ರ ಎಲಿ ಏನ್ ಮಾಡ್ತದ್ರಿ?"

ಈ ಪ್ರಶ್ನೆಗೆ ಪುಸ್ತಕ ಬೇಕಾಗಲಿಲ್ಲ. 1972ರ ಬರಗಾಲದಲ್ಲಿ ನಾನು ಚಿಕ್ಕ ಹುಡುಗ. ಮೊಣಕಾಲೆತ್ತರದ ಜೋಳದ ಎಲೆಗಳು ಮಧ್ಯಾಹ್ನ ಸುರುಳಿ ಸುತ್ತಿ ನಿಂತಿದ್ದನ್ನು ಕಂಡು, ಬೆಳೆ ಸತ್ತಿತೆಂದು ಅತ್ತಿದ್ದೆ. "ಸತ್ತಿಲ್ಲ ತಮ್ಮಾ, ಜೀವ ಹಿಡಕೊಂಡು ನಿಂತದ" ಎಂದಿದ್ದಳು ಅವ್ವ. ಅವಳ ಮಾತು ನಿಜವಾಗಿತ್ತು. ನೀರು ಸಾಲದಾದಾಗ ಎಲೆ ತನ್ನ ರಂಧ್ರಗಳನ್ನು ಮುಚ್ಚುತ್ತದೆ. ಸುರುಳಿಯಾಗಿ ಬಿಸಿಲಿಗೆ ಒಡ್ಡುವ ಮೈಯನ್ನು ಕಿರಿದು ಮಾಡಿಕೊಳ್ಳುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅದೇ ಬಾಯಿಯಿಂದ. ಅದನ್ನು ಮುಚ್ಚಿದರೆ ನೀರು ಉಳಿಯುತ್ತದೆ, ಅಡುಗೆ ನಿಲ್ಲುತ್ತದೆ, ಮೈಯೂ ಕಾಯುತ್ತದೆ. ಅದು ಉಪವಾಸ. ಉಪವಾಸಕ್ಕೂ ಒಂದು ಮಿತಿಯುಂಟು.

ಕೆಲವು ದಿನ ಆ ಎಲೆಗಳು ರಾತ್ರಿ ಬಿಚ್ಚಿಕೊಂಡು ಬೆಳಗ್ಗೆ ಹಸಿರಾಗಿ ನಿಲ್ಲುತ್ತಿದ್ದವು. ಆಮೇಲೊಂದು ಬೆಳಗ್ಗೆ ಬಿಚ್ಚಲಿಲ್ಲ. ಆ ವರ್ಷ ನಮ್ಮ ಮನೆಗೆ ಜೋಳ ಬರಲಿಲ್ಲ.

ಮಕ್ಕಳು ಸುಮ್ಮನೆ ಕೇಳಿದರು. ಅಂದು ಊಟದ ನಂತರ ಅವರು ಕೈ ತೊಳೆದದ್ದು ನಲ್ಲಿಯ ಬಳಿಯಲ್ಲಲ್ಲ. ಆ ವರ್ಷ ನೆಟ್ಟಿದ್ದ ಬೇವಿನ ಸಸಿಗಳ ಬುಡದಲ್ಲಿ.